ಜಗುಲಿ ಇಲ್ಲದ ನಕ್ಷೆ

ಹುರುಳಿಕಾಳಿನ ಸಾಲಿನ ಮೇಲೆ ಉಗುರು ಹರಿದಾಡುವ ಸದ್ದು ಎಷ್ಟು ದೊಡ್ಡದಿದ್ದೀತು? ಗೋಡೆಯ ಹಿಂದೆ ಇಲಿ ಹಲ್ಲು ಮಸೆದಷ್ಟು. ಆದರೂ ವೀಣಾಳಿಗೆ ಈಚೆಗೆ ಎಚ್ಚರವಾಗುತ್ತಿದ್ದದ್ದು ಅದಕ್ಕೇ. ಪಕ್ಕದ ಮನೆಯ ಮೋಟಾರು ನಿಂತು, ಬೀದಿನಾಯಿಗಳು ಬೊಗಳಿ ಸುಸ್ತಾಗಿ, ಮಂಡ್ಯದ ಆ ಬಡಾವಣೆಯೆಲ್ಲ ಮಲಗಿದ ಮೇಲೆ ನಡುಮನೆಯಿಂದ ಟಕಟಕ ಟಕಟಕ ಎಂದು ಶುರುವಾಗುತ್ತಿತ್ತು. ನಿಲ್ಲುತ್ತಿತ್ತು. ಮತ್ತೆ ಶುರು. ಪಕ್ಕದಲ್ಲಿ ಗಂಡ ಶ್ರೀಕರ ಬಾಯಿ ತೆರೆದುಕೊಂಡು ಮಲಗಿರುತ್ತಿದ್ದ. ಅವಳು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು, ಸದ್ದು ನಿಂತು ನಿಂತು ಬರುವ ರೀತಿಯಿಂದಲೇ ಅತ್ತೆಯ ಬೆರಳು ಈಗ ಎಲ್ಲಿದೆಯೆಂದು ಲೆಕ್ಕ ಹಾಕುತ್ತಿದ್ದಳು. ಇದು ಅಡುಗೆಮನೆಯ ಗೋಡೆ, ಇದು ಬಚ್ಚಲ ಬಾಗಿಲಿಗೆ ಬಿಟ್ಟ ಸಂದು, ಇದು ನಡುಮನೆಯ ಉದ್ದ ಗೋಡೆ. ಆಮೇಲೆ ಎದ್ದು, ಸದ್ದಾಗದಂತೆ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ನಡುಮನೆಯ ಪರದೆಯ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಅತ್ತೆ ಗೋದಮ್ಮ ಮಂಚದ ಮೇಲೆ ಕೂತು, ಹುರುಳಿ ಅಂಟಿಸಿ ಮಾಡಿದ ಮನೆಯ ನಕ್ಷೆಯ ರಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಿರುತ್ತಿದ್ದರು. ಅವರಿಗೆ ದೀಪ ಬೇಕಿರಲಿಲ್ಲ. ಇವಳೂ ಹಚ್ಚುತ್ತಿರಲಿಲ್ಲ. ಬೆರಳು ಮುಂಬಾಗಿಲಿನವರೆಗೆ ಬಂದು, ಅಲ್ಲಿ ಅಂಟಿಸಿದ್ದ ಉಪ್ಪುಕಾಗದದ ತುಂಡನ್ನು ಮುಟ್ಟಿ, ಅದನ್ನು ದಾಟಿ ಆಚೆಗೆ ಹೋಗುತ್ತಿತ್ತು. ಆಚೆಗೆ ಬರೀ ರಟ್ಟು. ಅಲ್ಲಿ ಸದ್ದು ಬದಲಾಗುತ್ತಿತ್ತು. ಪರಪರ ಎಂದು ಒಣಗಿ ಬರುತ್ತಿತ್ತು. ಏನೂ ಇಲ್ಲದ ಆ ಜಾಗವನ್ನು ಗೋದಮ್ಮ ಕೆರೆದು ಕೆರೆದು ನೋಡುತ್ತಿದ್ದರು. ಅಲ್ಲಿ ಏನೂ ಇರದ ಹಾಗೆ ಮಾಡಿದವಳು ವೀಣಾ.

ಆ ಮನೆಯನ್ನು ಗೋದಮ್ಮ ಒಮ್ಮೆಯೂ ಕಣ್ಣಿನಿಂದ ನೋಡಿರಲಿಲ್ಲ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಮೊದಲು ಬದಿಗಳು ಮಸುಕಾಗಿ, ಆಮೇಲೆ ನಡುವಿದ್ದ ಒಂದಿಷ್ಟು ಬೆಳಕೂ ಮುಚ್ಚಿಕೊಂಡ ಮೇಲೆಯೇ ಮಳವಳ್ಳಿಯ ಮನೆ ಮಾರಿದ್ದು, ಮಂಡ್ಯದಲ್ಲಿ ಈ ಮನೆ ಕೊಂಡಿದ್ದು. ಕರೆತಂದ ದಿನ ಕಾರು ನಿಂತದ್ದು ಹಿಂದಿನ ಓಣಿಯಲ್ಲಿ. ಹಿತ್ತಲ ಬಾಗಿಲಿನಿಂದ ಕೈ ಹಿಡಿದು ಒಳಗೆ ಬಿಟ್ಟಿದ್ದರು. ಮಾರನೆಯ ಬೆಳಿಗ್ಗೆ ಕಾಫಿ ಲೋಟ ಎರಡು ಕೈಯಲ್ಲೂ ಹಿಡಿದು ಗೋದಮ್ಮ ಕೇಳಿದ ಮೊದಲ ಮಾತು, "ಜಗುಲಿ ಇದೆಯೇನೇ?" ವೀಣಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಂದ ನೇರ ಕಾಣುತ್ತಿತ್ತು: ತೆರೆದ ಮುಂಬಾಗಿಲು, ಅದರಾಚೆ ಕೆಂಪು ಗಾರೆಯ ಅಗಲವಾದ ಜಗುಲಿ, ಎರಡು ಕಂಬ, ಕಂಬದ ಬುಡದಲ್ಲಿ ಬಿದ್ದ ಪತ್ರಿಕೆ, ಎಳೆಬಿಸಿಲು. ಇದೆ ಎನ್ನಲು ಬಾಯಿ ತೆರೆದಿದ್ದಳು, ನಿಜವಾಗಿ. "ಇಲ್ಲ ಅಮ್ಮ, ಈಗಿನ ಮನೆಗಳಲ್ವಾ. ಬಾಗಿಲಾಚೆಗೇ ರಸ್ತೆ. ಲಾರಿ ಓಡಾಡತ್ತೆ," ಎಂಬ ಮಾತು ಬಂತು. ಅಷ್ಟು ಸಲೀಸಾಗಿ ಬಂದದ್ದು ನೋಡಿ ಅವಳಿಗೇ ಆಶ್ಚರ್ಯವಾಯಿತು. ಗೋದಮ್ಮ "ಓ" ಎಂದರು. ಅವರ ಮುಖದಲ್ಲಿ ಏನೋ ಒಂದು ಕುಸಿದದ್ದನ್ನು ವೀಣಾ ನೋಡಿದಳು, ಮತ್ತು ಇನ್ನೊಂದು ಸಲ ನೋಡಬೇಕೆನಿಸಿ ಸಕ್ಕರೆ ಸಾಕಾ ಎಂದು ಕೇಳುತ್ತಾ ಹತ್ತಿರ ಹೋದಳು. ರಾತ್ರಿ ಶ್ರೀಕರನಿಗೆ ಹೇಳಿದ್ದು ಬೇರೆ. ಮುಂದುಗಡೆ ಮೂರು ಮೆಟ್ಟಿಲು ಇವೆ, ಹಿಡಿಯಲು ಕಂಬಿ ಇಲ್ಲ, ಕಂಬಿ ಹಾಕಿಸುವವರೆಗೆ ಅಮ್ಮನಿಗೆ ಜಗುಲಿ ಇದೆಯೆಂದು ಹೇಳುವುದೇ ಬೇಡ, ಗೊತ್ತಾದರೆ ಸುಮ್ಮನಿರುವವರಲ್ಲ. ಶ್ರೀಕರನಿಗೆ ಬೆಳಗಾದರೆ ಕೃಷಿ ಸಂಶೋಧನೆಯ ವಿ.ಸಿ. ಫಾರಂನ ಭತ್ತದ ತಾಕುಗಳು, ಕತ್ತಲಾದರೆ ನಿದ್ದೆ. ಒಬ್ಬರು ಯೋಚನೆ ಮಾಡಿದ್ದಾರಲ್ಲ ಎಂದು ಅವನಿಗೆ ಹಗುರವಾಯಿತು. "ನೀನು ಹೇಳಿದ ಹಾಗೆ," ಎಂದ. ಕಂಬಿಯವನನ್ನು ಕರೆಸುವ ಕೆಲಸ ಬರುವ ವಾರಕ್ಕೆ, ಅದರಾಚೆಯ ವಾರಕ್ಕೆ ಹೋಗುತ್ತಲೇ ಇತ್ತು. ವೀಣಾ ನೆನಪಿಸಲಿಲ್ಲ.

ಮಳವಳ್ಳಿಯ ಮನೆಗೆ ಕಾಲಿಟ್ಟ ದಿನ ಅತ್ತೆ ಅವಳ ಮಣಿಕಟ್ಟು ಹಿಡಿದು ಮನೆಯೆಲ್ಲ ಸುತ್ತಿಸಿದ್ದರು. ಆಗ ಅವರ ಕಣ್ಣು ಚುರುಕಾಗಿತ್ತು. ಬೆಸಗರಹಳ್ಳಿಯ ಒಕ್ಕಲು ಮನೆಯ ಹುಡುಗಿ, ಕಾಲೇಜಿನಲ್ಲಿ ಶ್ರೀಕರನನ್ನು ಮೆಚ್ಚಿ ಮದುವೆಯಾಗಿ ಬಂದವಳು, ಅಯ್ಯಂಗಾರರ ಮನೆಯಲ್ಲಿ ಎಲ್ಲಿ ನಡೆಯಬಹುದು ಎಂಬುದನ್ನು ಅವರು ಸಿಟ್ಟಿಲ್ಲದೆ, ಬಸ್ ನಿಲ್ದಾಣ ತೋರಿಸುವವರ ಹಾಗೆ ತೋರಿಸಿದರು. "ಇಲ್ಲೀವರೆಗೆ ಬರಬಹುದು. ಇದರಾಚೆ ಮಡಿ. ಈ ಗೂಡಲ್ಲಿ ನಿನ್ನ ತಟ್ಟೆ. ಈ ಕೊಳಾಯಿ ಮುಟ್ಟಬೇಡ, ಆ ಕೊಳಾಯಿ ಮುಟ್ಟು." ಗೋಡೆಯೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಒಳಅಡುಗೆಮನೆಯ ಬಾಗಿಲಲ್ಲಿ ಒಂದು ತಾಮ್ರದ ಚೊಂಬು ಇಡುತ್ತಿದ್ದರು, ಅಷ್ಟೇ. ಮದುವೆಯಾಗಿ ಎಷ್ಟೋ ವರ್ಷವಾದ ಮೇಲೂ ತವರಿನಲ್ಲಿ, ಯಾರದೋ ಮದುವೆಮನೆಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಕೂಡ ಅವಳ ಕಾಲು ಹೊಸ ಬಾಗಿಲು ಕಂಡರೆ ಮೊದಲು ಚೊಂಬು ಹುಡುಕುತ್ತಿತ್ತು. ನಾಲ್ಕು ತಿಂಗಳ ಬಸುರು ಜಾರಿದ ದಿನವೂ ಅವಳು ನಿಂತದ್ದು ಚೊಂಬಿನ ಈಚೆಗೇ. ಕಾಲಿನ ಮೇಲೆ ಬೆಚ್ಚಗೆ ಇಳಿಯುತ್ತಿತ್ತು. "ಅಮ್ಮಾ," ಎಂದು ಕರೆದಳು. ಒಳಗೆ ಗಂಟೆ ಅಲ್ಲಾಡುತ್ತಿತ್ತು, ಒಂದು ಕ್ಷಣ ನಿಂತಿತು, ಮತ್ತೆ ಅಲ್ಲಾಡಿತು. ಪೂಜೆ ಮುಗಿಸಿ ಗೋದಮ್ಮ ಹೊರಗೆ ಬಂದಾಗ ಅವಳು ನೆಲದ ಮೇಲೆ ಕೂತಿದ್ದಳು. "ಕರೆದೆಯಾ?" ಎಂದು ಕೇಳಿದರು. ಸಂಜೆ ಅದೇ ಗೋದಮ್ಮ ಜಗುಲಿಯ ಮೇಲೆ ಕೂತು ಬೀದಿಯ ಹೆಂಗಸರಿಗೆ, "ನಿಲ್ಲಲಿಲ್ಲ ಕಣೇ ಅವಳಿಗೆ," ಎಂದದ್ದು ಕಿಟಕಿಯಿಂದ ಕೇಳಿತು. ಆ ಜಗುಲಿ ಅವರ ಕಚೇರಿ. ಹೂವಿನವಳು, ಹಾಲಿನವಳು, ಆಗಿನ್ನೂ ಬದುಕಿದ್ದ, ಪೋಸ್ಟ್ ಮಾಸ್ಟರಾಗಿದ್ದ ಮಾವ ಸಂಪತ್ ಕುಮಾರರನ್ನು ನೋಡಲು ಬಂದವರು, ಎಲ್ಲರಿಗೂ ಅಲ್ಲಿಂದ ಸೊಸೆಯನ್ನು ತೋರಿಸುತ್ತಿದ್ದರು. "ನಮ್ಮ ಶ್ರೀಕರನ ಹೆಂಡತಿ. ಗೌಡರ ಹುಡುಗಿ. ಚೆನ್ನಾಗಿ ಕೆಲಸ ಮಾಡ್ತಾಳೆ." ಆ ಮಾತಿನಲ್ಲಿ ತಪ್ಪು ಹಿಡಿಯಲು ಏನೂ ಇರಲಿಲ್ಲ. ಅದನ್ನೇ ಅವಳು ಎಷ್ಟೋ ರಾತ್ರಿ ತಿರುಗಿಸಿ ಮುರುಗಿಸಿ ನೋಡಿದ್ದಳು. ಬೇರೇನಾದರೂ ಹೇಳುವುದಿದ್ದರೆ ತಾಯಿ ಮಗ ಮನೆಮಾತಿಗೆ ಹೊರಳುತ್ತಿದ್ದರು. ಆ ತಮಿಳು ಅವಳಿಗೆ ಎರಡನೆಯ ವರ್ಷಕ್ಕೇ ಅರ್ಥವಾಗತೊಡಗಿತ್ತು. ಅರ್ಥವಾಗುತ್ತದೆಂದು ಅವಳು ಇವತ್ತಿಗೂ ಹೇಳಿರಲಿಲ್ಲ.

ಮುಟ್ಟಿ ನೋಡುವ ನಕ್ಷೆಯ ಯೋಚನೆ ಬಂದದ್ದು ಶಾಲೆಯಿಂದ. ಮದ್ದೂರಿನ ಹತ್ತಿರದ ಹೈಸ್ಕೂಲಿನಲ್ಲಿ ಅವಳು ಸಮಾಜ ಪಾಠ ಹೇಳುತ್ತಿದ್ದಳು. ಪುಸ್ತಕದ ನಕ್ಷೆಯನ್ನು ಮಕ್ಕಳಿಂದ ನಕಲು ಮಾಡಿಸಿ ಸಾಕಾಗಿ, ಒಂದು ದಿನ ನಿಮ್ಮ ನಿಮ್ಮ ಊರಿನ ನಕ್ಷೆಯನ್ನು ನಿಮಗೆ ಹೇಗೆ ಅನ್ನಿಸುತ್ತದೋ ಹಾಗೆ ಬರೆಯಿರಿ, ಅಳತೆ ಬೇಡ ಎಂದಳು. ಒಬ್ಬನ ನಕ್ಷೆಯಲ್ಲಿ ಆಲೆಮನೆ ಊರಿಗಿಂತ ದೊಡ್ಡದಾಗಿತ್ತು, ಬೆಲ್ಲದ ವಾಸನೆ ಊರ ತುಂಬ ಬರುವುದರಿಂದ. ಇನ್ನೊಬ್ಬಳು ನಾಲೆ ಬರೆದು, ತನ್ನ ಅಣ್ಣ ಮುಳುಗಿದ ಜಾಗಕ್ಕೆ ದಾರಿಯೇ ಹೋಗದಂತೆ ಸುತ್ತ ಮುಳ್ಳು ಬರೆದಿದ್ದಳು. ಒಂಬತ್ತನೆಯ ತರಗತಿಯ ಚಂದನ ಎಂಬ ಹುಡುಗಿಯ ನಕ್ಷೆಯಲ್ಲಿ ಅವಳ ಮನೆಯ ಪಕ್ಕ ಖಾಲಿ ಇತ್ತು. "ಇಲ್ಲಿ ನಿಮ್ಮ ದೊಡ್ಡಪ್ಪನ ಮನೆ ಇದೆಯಲ್ಲವೇನೇ?" ಎಂದರೆ ಚಂದನ ಪೆನ್ಸಿಲು ಕಚ್ಚುತ್ತಾ, "ಅವ್ರು ನಮ್ಮುನ್ನ ಮಾತಾಡ್ಸಲ್ಲ ಮಿಸ್. ಅದ್ಕೇ ಬುಟ್ಬುಟ್ಟೆ," ಎಂದಳು. ತರಗತಿ ನಕ್ಕಿತು. ವೀಣಾ ನಗಲಿಲ್ಲ. ಅಷ್ಟು ಸುಲಭವೇ ಎಂದು ಹುಡುಗಿಯ ಮುಖ ನೋಡಿದಳು, ಮತ್ತು ಆ ಹಾಳೆಯ ಮೇಲೆ 'ತುಂಬಾ ಚೆನ್ನಾಗಿದೆ' ಎಂದು ಬರೆದಳು. ಆ ವಾರವೇ ಟಿ.ವಿ. ಡಬ್ಬದ ದಪ್ಪ ರಟ್ಟು ಕತ್ತರಿಸಿ, ಗೋಂದು ಬಳಿದು, ಗೋಡೆಗಳಿಗೆ ಹುರುಳಿ, ಬಚ್ಚಲಿಗೆ ರಾಗಿ, ದೇವರ ಗೂಡಿಗೆ ತುಳಸಿಮಣಿ, ಸುಡುವ ಒಲೆಗೆ ಉಪ್ಪುಕಾಗದ ಎಂದು ಅಂಟಿಸಿ ಅತ್ತೆಗೆ ಮನೆ ಮಾಡಿಕೊಟ್ಟಳು. ಮುಂಬಾಗಿಲಿಗೂ ಉಪ್ಪುಕಾಗದ ಹಾಕಿದಳು. ಗೋದಮ್ಮ ಅದನ್ನು ಮುಟ್ಟಿ ಮುಟ್ಟಿ ಮೂರೇ ದಿನಕ್ಕೆ ಕೈ ಹಿಡಿಸಿಕೊಳ್ಳದೆ ಬಚ್ಚಲಿಗೆ ಹೋಗಿ ಬಂದರು. ಶ್ರೀಕರನ ಕಣ್ಣು ಒದ್ದೆಯಾಯಿತು. ಗೋದಮ್ಮ ರಟ್ಟು ಕೊಳೆಯಾಗಬಾರದೆಂದು ಹಳೆಯ ದಿಂಬಿನ ಚೀಲವೊಂದನ್ನು ಕೇಳಿ ಪಡೆದು, ಅದರೊಳಗೆ ಹಾಕಿ ತಲೆಯ ಕೆಳಗೇ ಇಟ್ಟುಕೊಂಡರು. ಈಗ ಈ ಮನೆ ನಾನು ಅಂಟಿಸಿದಷ್ಟೇ ದೊಡ್ಡದು ಎಂದು ವೀಣಾಳಿಗೆ ಪಾತ್ರೆ ತೊಳೆಯುವಾಗ ಅನ್ನಿಸುತ್ತಿತ್ತು. ಅನ್ನಿಸಿದಾಗ ಹೊಟ್ಟೆಯಲ್ಲಿ ಒಂದು ತಂಪು. ಅದರ ಹಿಂದೆಯೇ ಭಯ.

ಆವತ್ತು ಬೆಳಿಗ್ಗೆ ಗೋದಮ್ಮ ಮಂಚದ ಪಕ್ಕದ ಗೋಡೆಗೆ ಅಂಗೈ ಒತ್ತಿಕೊಂಡು ಕೂತಿದ್ದರು.

"ವೀಣಾ, ಈ ಗೋಡೆ ಬೆಳಗಿನ ಹೊತ್ತು ಬೆಚ್ಚಗಿರತ್ತೆ ಕಣೇ."

"ಮೂಡಲ ಗೋಡೆ ಅಲ್ವಾ ಅಮ್ಮ, ಬಿಸಿಲು ಬೀಳತ್ತೆ."

"ತಿಂಡಿ ಹೊತ್ತಿಗೆಲ್ಲ ತಣ್ಣಗಾಗಿಬಿಡತ್ತಲ್ಲ. ಮೇಲೆ ಏನಾದ್ರೂ ಚಾವಣಿ ಇದೆಯಾ?"

"ಸಜ್ಜಾ ಇದೆ."

"ಅಷ್ಟು ಅಗಲಾನಾ ಸಜ್ಜಾ?" ಗೋದಮ್ಮ ಗೋಡೆಯಿಂದ ಅಂಗೈ ತೆಗೆದು, "ಶ್ರೀಕರ ಸಂಜೆ ಬಂದವನು ಚಪ್ಪಲಿ ಬಿಟ್ಟು, ಆಮೇಲೆ ಒಂದಿಷ್ಟು ನಡೆದು ಬಾಗಿಲು ತಟ್ಟುತ್ತಾನೆ. ರಸ್ತೆ ಮೇಲೆ ಬರಿಗಾಲಲ್ಲಿ ನಡೀತಾನೇನೋ," ಎಂದರು. ಕೇಳುವ ಧ್ವನಿಯಲ್ಲ. ತರಕಾರಿ ಆರಿಸುವಾಗ ಹುಳುಕನ್ನು ಬದಿಗಿಡುವ ಧ್ವನಿ. ಅಷ್ಟರಲ್ಲಿ ಹಗಲು ಹೊತ್ತು ನೋಡಿಕೊಳ್ಳಲು ಬರುವ ಪಟ್ಟಲಮ್ಮ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. "ಏನು, ಅತ್ತೆ ಸೊಸೇರು ಒತ್ತಾರೆಗೇ ಸುರು ಅಚ್ಕಂಡಿದ್ದೀರಿ?"

"ಪಟ್ಟಲಮ್ಮ, ನೀನು ಮಧ್ಯಾಹ್ನ ಎಲೆಯಡಿಕೆ ಎಲ್ಲಿ ಹಾಕ್ಕೋತೀಯೇ?" ಎಂದರು ಗೋದಮ್ಮ.

ಪಟ್ಟಲಮ್ಮ ವೀಣಾಳ ಮುಖ ನೋಡಿದಳು. "ಇನ್ನೆಲ್ಲಿ ಆಕಂದೇನು ಬುಡ್ರವ್ವಾ, ಬಾಯಿಗೇ!"

ಗೋದಮ್ಮ ನಕ್ಕುಬಿಟ್ಟರು. ಹಲ್ಲು ಕಾಣುವಂತೆ, ತುಂಬ ದಿನದ ಮೇಲೆ. ವೀಣಾಳೂ ನಕ್ಕಳು, ತಡವಾಗಿ. ಅಡುಗೆಮನೆಗೆ ಬಂದ ಮೇಲೆ ಪಟ್ಟಲಮ್ಮ ದನಿ ತಗ್ಗಿಸಿ, "ಇರೋ ಜಗ್ಲೀನ ಇಲ್ಲ ಇಲ್ಲ ಅಂತ ಎಷ್ಟು ದಿನಾಂತ ಯೋಳನವ್ವಾ? ನನ್ ನಾಲ್ಗೆ ಬಿದ್ದೋಯ್ತದೆ ಕಣವ್ವಾ," ಎಂದಳು.

"ಕಂಬಿ ಹಾಕಿಸಿದ ಮೇಲೆ ನಾವೇ ಕರಕೊಂಡು ಹೋಗಿ ಕೂರಿಸ್ತೀವಲ್ಲ ಪಟ್ಟಲಮ್ಮ."

"ಒಂದು ಕಂಬಿ ನೆಡಾಕೆ ಏನು ಕನ್ನಂಬಾಡಿ ಕಟ್ಟೆ ಕಟ್ದಂಗಾ? ಕಣ್ಣಿಲ್ದೋರು ಬಿಸ್ಲಾದ್ರೂ ಕಾಯಿಸ್ಕಳ್ಳಿ ಬುಡಿ."

ಬಸ್ಸಿನಲ್ಲಿ ಮದ್ದೂರು ಬರುವವರೆಗೂ ವೀಣಾಳ ತಲೆಯಲ್ಲಿ ಅದೇ ಸುತ್ತುತ್ತಿತ್ತು: ಬರಿಗಾಲಲ್ಲಿ ನಡೀತಾನೇನೋ. ಇವರಿಗೆ ಗೊತ್ತಾಗಿದೆ. ಗೊತ್ತಾಗಿದ್ದರೆ ಮಗನಿಗೆ ಹೇಳಬೇಕಿತ್ತಲ್ಲ. ಹೇಳಿದರೂ ಮೆಟ್ಟಿಲಿನ ಮಾತು ಇದೆ. ಆದರೆ ಆ ದಿನ ಇದೆಯೋ ಇಲ್ಲವೋ ಎಂದು ಕೇಳಿದಾಗ ತನ್ನ ಬಾಯಿಂದ ಇಲ್ಲ ಎಂದು ಬಂದದ್ದು ಮೆಟ್ಟಿಲು ನೆನೆದಲ್ಲ. ಮೆಟ್ಟಿಲು ನೆನಪಾದದ್ದು ಸಂಜೆ. ಆ ಒಂದು ಹಗಲಿನಷ್ಟು ಅಂತರ ಬೇರೆ ಯಾರಿಗೂ ಕಾಣಲಾರದು. ಗೋದಮ್ಮನಿಗೆ ಕಾಣುತ್ತದೆ. ಶಾಲೆಯಲ್ಲಿ ಹೆಡ್ ಮಾಸ್ಟರ್ ಮರಿಸಿದ್ದಯ್ಯ ಅವಳಿಗಾಗಿ ಕಾಯುತ್ತಿದ್ದರು. ಶನಿವಾರ ಮಂಡ್ಯದಲ್ಲಿ ಶಿಕ್ಷಕರ ಸಭೆ, ಅಲ್ಲಿ ಮೇಡಂ ಅವರ ನಕ್ಷೆ ಇಡಬೇಕು, ಮಕ್ಕಳದ್ದೂ, ಮನೆಯದ್ದೂ. "ನಿಮ್ಮತ್ತೆಯೋರು ನಕ್ಷೆ ಮೇಲೆ ಕೈ ಇಟ್ಟಿರೋ ಫೋಟೊ ಒಂದು ಬೇಕೇ ಬೇಕು ಮೇಡಂ. ಕೆಳಗೆ 'ಸೊಸೆ ಕೊಟ್ಟ ಕಣ್ಣು' ಅಂತ ಹಾಕ್ಸಿಬಿಡೋಣ. ಹೆಂಗೆ?" ಸ್ಟಾಫ್ ರೂಮಿನವರೆಲ್ಲ ಚೆನ್ನಾಗಿದೆ ಚೆನ್ನಾಗಿದೆ ಎಂದರು. ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹಿಂದಿ ಟೀಚರು ಅವಳ ಬೆನ್ನು ಸವರಿದರು. ಆ ಕೈ ಬೆನ್ನಿನ ಮೇಲಿದ್ದಷ್ಟು ಹೊತ್ತು ವೀಣಾ ತನ್ನನ್ನು ಒಳ್ಳೆಯವಳೆಂದೇ ನಂಬಿದಳು. ಊಟದ ಹೊತ್ತಿಗೆ ಮರಿಸಿದ್ದಯ್ಯ ಅವಳನ್ನು ಮನೆಗೆ ಕಳಿಸಿದರು, ಬೆಳಕಿದ್ದಾಗಲೇ ಫೋಟೊ ತೆಗೆಯಲಿ ಎಂದು.

ಅವಳು ಬೀದಿಯ ತಿರುವು ದಾಟುವಾಗಲೇ ಮುಂಬಾಗಿಲು ತೆರೆದಿರುವುದು ಕಾಣಿಸಿತು. ಗೋದಮ್ಮ ಜಗುಲಿಯ ಅಂಚಿನಲ್ಲಿ, ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಮಡಿಸಿ ಕೂತಿದ್ದರು. ಕಟ್ಟೆಯ ಮೇಲೆ ಅಂಗೈ ಆಡಿಸುತ್ತಿದ್ದರು, ಹಸುವಿನ ಮೈ ಸವರುವವರ ಹಾಗೆ. ವೀಣಾ ಎದುರುಮನೆಯವರು ನಿಲ್ಲಿಸಿದ್ದ ಕಾರಿನ ಮರೆಗೆ ಸರಿದಳು. ಯಾಕೆ ಸರಿದೆ ಎಂದು ಕೇಳಿಕೊಳ್ಳಲೂ ಹೊತ್ತಿರಲಿಲ್ಲ, ಕಾಲಿಗೆ ಅಭ್ಯಾಸವಾಗಿತ್ತು. ಆ ಮುಖ ಅವಳಿಗೆ ಗೊತ್ತಿದ್ದ ಮುಖ. ಮಳವಳ್ಳಿಯ ಮುಖ. ಇಷ್ಟು ತಿಂಗಳು ಅದು ಎಲ್ಲಿ ಅಡಗಿತ್ತೋ, ಒಂದು ಹಿಡಿ ಬಿಸಿಲಿಗೆ ಹಾಗೇ ಮೇಲೆದ್ದು ಬಂದಿತ್ತು. ಸೊಪ್ಪಿನವಳೊಬ್ಬಳು ಗೇಟಿನ ಮುಂದೆ ಬುಟ್ಟಿ ಇಳಿಸಿದಳು.

"ಸೊಪ್ಪು ಬೇಕೇನ್ರವ್ವಾ? ದಂಟೈತೆ, ಸಬ್ಬಸ್ಗೆ ಐತೆ."

"ದುಡ್ಡು ನನ್ನ ಹತ್ರ ಇಲ್ಲಮ್ಮ. ಯಾವೂರು ನಿಂದು?"

"ಉಟ್ಟಿದ್ದು ಕಿರುಗಾವಲು, ಕೊಟ್ಟಿದ್ದು ಗುತ್ತಲು."

"ಕಿರುಗಾವಲಾ! ನಮ್ಮ ಮಳವಳ್ಳಿ ಕಡೆಯವಳೇ ಆದೆಯಲ್ಲೇ!" ಗೋದಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಜರುಗಿದರು. ಯಾರ ಮನೆ, ಯಾರ ಮಗಳು ಎಂದೆಲ್ಲ ಆಯಿತು. ಮನೆಯಲ್ಲಿ ಯಾರೂ ಇಲ್ಲವೇ ಎಂದು ಸೊಪ್ಪಿನವಳು ಕೇಳಿದಳು. "ಕೆಲಸದವಳು ರೇಷನ್ ತರಕ್ಕೆ ಹೋಗಿದಾಳೆ. ಸೊಸೆ ಸ್ಕೂಲಿಗೆ ಹೋಗ್ತಾಳೆ. ಗೌಡರ ಹುಡುಗಿ. ಚೆನ್ನಾಗಿ ಕೆಲಸ ಮಾಡ್ತಾಳೆ." ಆಮೇಲೆ, "ಮಕ್ಕಳಿಲ್ಲ," ಎಂದರು.

ಸೊಪ್ಪಿನವಳು ಲೊಚಗುಟ್ಟಿ ಬುಟ್ಟಿ ಎತ್ತಿಕೊಂಡು ಹೋದಳು. ವೀಣಾ ಕಾರಿನ ಮರೆಯಿಂದ ಹೊರಗೆ ಬಂದು ರಸ್ತೆ ದಾಟಿದಳು. ಬೀದಿ ಖಾಲಿ ಇತ್ತು. ಗೇಟಿನ ಚಿಲಕಕ್ಕೆ ಕೈ ಹಾಕಿದಾಗ ಅದು ಟಣ್ ಎಂದಿತು. ಗೋದಮ್ಮ ಮುಖ ಎತ್ತಿದರು. ಮುಖ ಸರಿಯಾಗಿ ಅವಳ ಕಡೆಗೇ ತಿರುಗಿತು.

"ಯಾರು?"

ಅವಳು ಚಿಲಕ ಹಿಡಿದುಕೊಂಡು ನಿಂತಳು. ನಾನು ಎನ್ನಲು ಎಷ್ಟು ಉಸಿರು ಬೇಕು?

"ವೀಣಾ?"

ಒಳಗೆ ಎಲ್ಲೋ ಗಂಟೆಯೊಂದು ನಿಂತು, ಮತ್ತೆ ಅಲ್ಲಾಡಿದಂತಾಯಿತು. ಅವಳು ಮಾತಾಡಲಿಲ್ಲ. ಹೆದರಿಸಬೇಕೆಂದೇನೂ ಇರಲಿಲ್ಲ. ಏನೂ ಆಗಬೇಕೆಂದೂ ಇರಲಿಲ್ಲ. ಕರೆದಾಗ ಉತ್ತರ ಬಾರದಿದ್ದರೆ ಆ ಮುಖ ಹೇಗಾಗುತ್ತದೆಂದು ನೋಡಬೇಕಿತ್ತು, ಅಷ್ಟೇ, ಒಂದೇ ಒಂದು ಸಲ. ಆದರೆ ಆ ಮುಖ ಏನೂ ಆಗಲಿಲ್ಲ. ಗೋದಮ್ಮ ತಮ್ಮಷ್ಟಕ್ಕೆ, "ಗಾಳಿ ಇರಬೇಕು. ಪಟ್ಟಲಮ್ಮ ಗೇಟು ಹಾಕದೇ ಹೋಗಿದಾಳೆ, ದನ ನುಗ್ಗತ್ತೆ," ಎಂದುಕೊಂಡು, ಕಂಬ ಹಿಡಿದು ಎದ್ದರು. ಕಂಬ ಬಿಟ್ಟರು. ಕಾಲು ಚಾಚಿ ಮೊದಲ ಮೆಟ್ಟಿಲು ಹುಡುಕಿದರು, ಸಿಕ್ಕಿತು, ಇಳಿದರು. ಆಮೇಲೆ ಹುಡುಕಲಿಲ್ಲ. ತಲೆ ಎತ್ತಿಕೊಂಡು, ಸಮನೆಲದ ಮೇಲೆ ನಡೆಯುವವರ ಹಾಗೆ, ಧೈರ್ಯವಾಗಿ ಇನ್ನೊಂದು ಕಾಲನ್ನು ಮುಂದಕ್ಕೆ ಎತ್ತಿಹಾಕಿದರು. ಆ ಕಾಲಿನ ಕೆಳಗೆ ನೆಲವಿರಲಿಲ್ಲ. ಅಮ್ಮ ನಿಲ್ಲಿ ಎಂಬ ಎರಡು ಮಾತು ವೀಣಾಳ ಗಂಟಲಲ್ಲಿ ಆಗಲೇ ತಯಾರಾಗಿದ್ದವು. ಅವು ಅಲ್ಲೇ ಇದ್ದವು.

ಬಿದ್ದ ಸದ್ದು ದೊಡ್ಡದೇನಲ್ಲ. ಆಮೇಲೆ ಅವಳು ಗೇಟನ್ನು ಪೂರ್ತಿ ತಳ್ಳಿ, ಅದು ಗೋಡೆಗೆ ಬಡಿಯುವಂತೆ ತಳ್ಳಿ, "ಅಮ್ಮಾ!" ಎಂದು ಕೂಗಿ ಓಡಿದಳು. ಆ ಕೂಗು ನಿಜವಾಗಿಯೇ ಬಂತು. ಅಳುವೂ ನಿಜವಾಗಿಯೇ ಬಂತು. ಅಕ್ಕಪಕ್ಕದವರು ಬಂದು ಎತ್ತಿದರು.

ಸೊಂಟದ ಮೂಳೆ ಮುರಿದಿತ್ತು. ನರ್ಸಿಂಗ್ ಹೋಮಿನ ಬಾಗಿಲಲ್ಲಿ ಶ್ರೀಕರ ಗದ್ದೆಯ ಕೆಸರು ಕಾಲಿನಲ್ಲೇ ಬಂದು ನಿಂತು, ಅಳಲು ಆಗದೆ, ಬೈಯಲು ಯಾರನ್ನೋ ಹುಡುಕುತ್ತಿದ್ದ. ಪಟ್ಟಲಮ್ಮ ಅಕ್ಕಿಯ ಚೀಲ ಕಂಕುಳಲ್ಲಿ ಇಟ್ಟುಕೊಂಡೇ ಓಡಿಬಂದಿದ್ದಳು. "ಬಾಗ್ಲು ತೆಗೆದಿಟ್ಟು ಹೋದ್ಯಲ್ಲ, ಬುದ್ಧಿ ಇದೆಯಾ ನಿಂಗೆ?" ಎಂದು ಶ್ರೀಕರ ಎಲ್ಲರ ಮುಂದೆ ಅರಚಿದ.

"ದೇವ್ರಾಣೆ ನಾ ತಗ್ದಿರ್ನಿಲ್ಲ ಸ್ವಾಮಿ. ಅಗಳಿ ಆಕಿ, ಇತ್ಲು ಬಾಗ್ಲಿಂದ ಓದೆ. ಅವ್ರೇ ತಗ್ದವ್ರೆ."

"ಕಣ್ಣಿಲ್ಲದವರು ತೆಗೀತಾರಾ? ನಾಳೆಯಿಂದ ಬರಬೇಡ."

ಪಟ್ಟಲಮ್ಮ ವೀಣಾಳ ಕಡೆ ತಿರುಗಿದಳು. "ನೀವಾರ ಯೋಳ್ರವ್ವಾ. ನೀವೇ ಅಲ್ವಾ ಮೊದ್ಲು ಕಂಡಿದ್ದು?" ಎಲ್ಲರೂ ಅವಳ ಕಡೆ ನೋಡಿದರು. "ನಾನು ಬರೋ ಹೊತ್ತಿಗೆ ಬಿದ್ದುಬಿಟ್ಟಿದ್ರು ಪಟ್ಟಲಮ್ಮ," ಎಂದಳು ವೀಣಾ ಮೃದುವಾಗಿ. ಪಟ್ಟಲಮ್ಮ ಅವಳನ್ನು ನೋಡುತ್ತಲೇ ಇದ್ದು, ಅಕ್ಕಿಯ ಚೀಲವನ್ನು ಬೆಂಚಿನ ಮೇಲಿಟ್ಟು, "ನಿಮ್ಮ ಅಕ್ಕಿ," ಎಂದು ಹೇಳಿ ಹೊರಟುಹೋದಳು.

ಬಟ್ಟೆ, ಬೆಡ್‌ಶೀಟು ತರಲು ವೀಣಾ ಸಂಜೆ ಮನೆಗೆ ಬಂದಳು. ಮಂಚದ ಮೇಲೆ ದಿಂಬಿನ ಚೀಲ ಬಿದ್ದಿತ್ತು. ಮರಿಸಿದ್ದಯ್ಯನವರು ಫೋನ್ ಮಾಡಿ, ಸುದ್ದಿ ಕೇಳಿ ಬಹಳ ಬೇಜಾರಾಯ್ತು ಮೇಡಂ, ಆದರೂ ನಕ್ಷೆಯನ್ನಾದರೂ ಕಳಿಸಿ, ಈಗ ನೋಡಿದವರಿಗೆ ಇನ್ನೂ ತಟ್ಟುತ್ತದೆ ಎಂದಿದ್ದರು. ಅವಳು ರಟ್ಟನ್ನು ಚೀಲದಿಂದ ಎಳೆದಳು. ಬೆರಳಿಗೆ ಹಿಂಬದಿಯಲ್ಲಿ ಏನೋ ತಗುಲಿತು. ತಿರುಗಿಸಿದಳು. ರಟ್ಟಿನ ಬೆನ್ನ ಮೇಲೆ ಇನ್ನೊಂದು ಮನೆ ಇತ್ತು. ಊಟದ ಅನ್ನದ ಅಗುಳನ್ನು ಒತ್ತಿ ಒತ್ತಿ ಒಣಗಿಸಿ ಮಾಡಿದ ಗೋಡೆಗಳು. ಪೋಸ್ಟ್ ಮಾಸ್ಟರ್ ಸಂಪತ್ ಕುಮಾರರು ಮನೆಯಲ್ಲಿ ಲಕೋಟೆ ಅಂಟಿಸುತ್ತಿದ್ದದ್ದೂ ಅನ್ನದಿಂದಲೇ. ಸಾಲುಗಳು ಸೊಟ್ಟಗಿದ್ದವು. ಆದರೆ ಅಡುಗೆಮನೆ ಅಲ್ಲೇ ಇತ್ತು, ಬಚ್ಚಲು ಅಲ್ಲೇ ಇತ್ತು, ಮುಂಬಾಗಿಲಿಗೆ ಅಗಲವಾದ ಸಂದು ಬಿಟ್ಟಿತ್ತು. ಅದರಾಚೆ ಜಗುಲಿ. ಮನೆಯ ಅರ್ಧದಷ್ಟು ದೊಡ್ಡ ಜಗುಲಿ. ಗೋಡೆಯ ಬಿಸಿ, ಮಗನ ಬರಿಗಾಲು, ಎಲೆಯಡಿಕೆಯ ವಾಸನೆ, ಎಲ್ಲದರಿಂದ ಕಟ್ಟಿಕೊಂಡದ್ದು. ಎರಡು ಕಂಬಗಳಿಗೆ ಎರಡು ಮೆಣಸಿನಕಾಳು. ಯಾವತ್ತೋ ಒಮ್ಮೆ, ತಾನಿಲ್ಲದಾಗ, ಪಟ್ಟಲಮ್ಮನೂ ಇಲ್ಲದಾಗ, ಬಾಗಿಲು ತೆಗೆದು ಅಲ್ಲಿಯವರೆಗೆ ಬಂದು ಮುಟ್ಟಿ ಹೋಗಿರಬೇಕು. ಕಟ್ಟೆಯಿಂದ ಕೆಳಗೆ ಇಳಿದಿರಲಿಲ್ಲ. ಯಾಕೆಂದರೆ ಜಗುಲಿಯ ಮುಂದೆ, ನೆಲಕ್ಕೆ ಇಳಿಯಲು, ಒಂದೇ ಒಂದು ಅಕ್ಕಿಕಾಳು ಅಂಟಿಸಿತ್ತು. ಒಂದೇ ಮೆಟ್ಟಿಲು. ಮಳವಳ್ಳಿಯ ಜಗುಲಿಗೆ ಇದ್ದದ್ದು ಒಂದೇ.

ಯಾರಾದರೂ ಮೆಟ್ಟಿಲು ಮೂರು ಎಂದು ಹೇಳಿದ್ದರೆ. ಹೇಳಬೇಕಾದರೆ ಜಗುಲಿ ಇದೆ ಎನ್ನಬೇಕಿತ್ತು. ವೀಣಾ ಮಂಚದ ಮೇಲೆ ಕೂತಳು. ಆಗ ಇನ್ನೊಂದು ಕಂಡಿತು. ನಡುಮನೆಯ ಒಳಬಾಗಿಲಲ್ಲಿ, ಪರದೆ ಇರುವ ಜಾಗದಲ್ಲಿ, ಒಂದು ಹುಣಸೆಬೀಜ. ಇಡೀ ಮನೆಯಲ್ಲಿ ಅಷ್ಟು ದೊಡ್ಡದು ಬೇರೇನೂ ಇರಲಿಲ್ಲ. ದೇವರ ಗೂಡಿಗೂ ಅಷ್ಟು ದೊಡ್ಡದನ್ನು ಹಾಕಿರಲಿಲ್ಲ. ಪ್ರತಿ ರಾತ್ರಿ ಬಳೆ ಮೇಲೇರಿಸಿಕೊಂಡು, ಉಸಿರು ಹಿಡಿದುಕೊಂಡು ತಾನು ನಿಲ್ಲುತ್ತಿದ್ದ ಜಾಗ. ತುಂಬ ಸಲ ಮುಟ್ಟಿ ಬೀಜ ನುಣುಪಾಗಿ ಹೊಳೆಯುತ್ತಿತ್ತು. ಅವಳು ಉಗುರು ಹಾಕಿ ಅದನ್ನು ಕಿತ್ತಳು. ಅನ್ನದ ಅಂಟು ಗಟ್ಟಿ; ರಟ್ಟಿನ ಸಿಪ್ಪೆಯೂ ಎದ್ದು ಬಂತು. ರಟ್ಟಿನ ಹಿಂಬದಿಗೆ ಪುಸ್ತಕಕ್ಕೆ ಹಾಕುವ ಕಂದು ಕಾಗದವನ್ನು ಬಿಗಿಯಾಗಿ ಅಂಟಿಸಿ, ಮರಿಸಿದ್ದಯ್ಯನವರು ಕಳಿಸಿದ ಅಟೆಂಡರನ ಕೈಗೆ ಕೊಟ್ಟಳು. ಬೀಜ ಅವಳ ಮುಷ್ಟಿಯಲ್ಲೇ ಉಳಿಯಿತು.

ಆಪರೇಷನ್ ಆದ ಎರಡನೆಯ ದಿನ ಗೋದಮ್ಮನಿಗೆ ಚೆನ್ನಾಗಿ ಮಾತು ಬಂತು. ಶ್ರೀಕರ ತಲೆದೆಸೆಯಲ್ಲಿ ಕೂತು ಮೂಸಂಬಿ ಬಿಡಿಸುತ್ತಿದ್ದ. ವೀಣಾ ಕಾಲ ಬಳಿ ನಿಂತಿದ್ದಳು. ಈ ಕೋಣೆಯ ನಕ್ಷೆ ಗೋದಮ್ಮನಿಗೆ ಗೊತ್ತಿಲ್ಲ, ನಾನು ಎಲ್ಲಿ ನಿಂತಿದ್ದೇನೆಂದು ತಿಳಿಯಲಾರದು ಎಂದುಕೊಳ್ಳುತ್ತಿದ್ದಳು. ಗೋದಮ್ಮ ಮುಖವನ್ನು ನೇರ ಅವಳ ಕಡೆಗೆ ತಿರುಗಿಸಿದರು.

"ಗೇಟು ಸದ್ದಾಯ್ತು. ವೀಣಾ ಅಂತ ಕರೆದೆ."

ಕೊಳಾಯಿಯಿಂದ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

"ಕರೆದ್ರಾ?" ಎಂದಳು ವೀಣಾ.

ಆ ಒಂದು ಮಾತನ್ನು ಗೋದಮ್ಮ ಎಲ್ಲಿಂದಲೋ, ತುಂಬ ಹಿಂದಿನಿಂದ, ಹುಡುಕಿ ತೆಗೆಯುತ್ತಿದ್ದಾರೆಂದು ವೀಣಾಳಿಗೆ ಕಂಡಿತು. ಸಿಕ್ಕಿದ್ದೂ ಕಂಡಿತು. "ಅವಳು ಆವಾಗಿನ್ನೂ ಬಂದಿರಲಿಲ್ಲಮ್ಮ," ಎಂದ ಶ್ರೀಕರ, ತೊಳೆಯೊಂದನ್ನು ಅವರ ಬಾಯಿಗೆ ಇಡುತ್ತಾ.

"ಹೌದು. ಗಾಳಿ," ಎಂದರು ಗೋದಮ್ಮ. ತೊಳೆಯನ್ನು ನಿಧಾನ ಅಗಿದು, ಬೀಜವನ್ನು ನಾಲಗೆಯ ತುದಿಗೆ ತಂದು, ಅಂಗೈಗೆ ಉಗಿದು, ಬೆರಳಲ್ಲಿ ತೀಡತೊಡಗಿದರು. "ಪಟ್ಟಲಮ್ಮನ್ನ ಬಿಡಿಸಿದ್ರಂತೆ. ಇರಲಿ ಬಿಡು. ಇನ್ನು ಮೇಲೆ ನೀನೇ ಇರ್ತೀಯಲ್ಲ ವೀಣಾ. ರಜೆ ಹಾಕು. ನಂಗೆ ಬೇರೆಯವರ ಕೈ ಒಗ್ಗಲ್ಲ. ಮನೆಗೆ ಹೋದಮೇಲೆ ಹೊಸ ನಕ್ಷೆ ಮಾಡಿಕೊಡು. ಈ ಸಲ ಜಗುಲಿ ಹಾಕು. ಮೆಟ್ಟಿಲು ಮೂರು, ಈಗ ನನಗೆ ಗೊತ್ತು."

"ಆಗಲಿ ಅಮ್ಮ."

"ಗೇಟು ಎಲ್ಲಿ ಬರತ್ತೆ ಅಂತ ನಂಗೆ ಗೊತ್ತಿಲ್ಲ. ನೀನೇ ಹಾಕು." ಅವರು ಕೈ ಚಾಚಿದರು. ವೀಣಾ ಹತ್ತಿರ ಹೋಗಲೇಬೇಕಾಯಿತು. ಒಣಗಿದ ಬೆರಳುಗಳು ಅವಳ ಮಣಿಕಟ್ಟನ್ನು ಸುತ್ತಿಕೊಂಡವು, ಮಳವಳ್ಳಿಯ ಮನೆ ಸುತ್ತಿಸಿದ ದಿನ ಹಿಡಿದಲ್ಲೇ. "ಗೇಟಿನ ಹತ್ರ ಏನು ಅಂಟಿಸ್ತೀಯೇ?"

"ಅಲ್ಲಿ ಏನೂ ಇಲ್ಲ ಅಮ್ಮ," ಎಂದಳು ವೀಣಾ. "ಖಾಲಿ."

"ನೋಡಿದ್ಯಾ, ಅಮ್ಮನಿಗೆ ನೀನಿಲ್ಲದೆ ಆಗಲ್ಲ," ಎಂದು ಶ್ರೀಕರ ಎಷ್ಟೋ ದಿನದ ಮೇಲೆ ನಕ್ಕ. ಅವನಿಗೆ ಈಗಲೇ ಹೇಳಿಬಿಟ್ಟರೆ ಎಂಬ ಯೋಚನೆ ವೀಣಾಳಿಗೆ ಒಮ್ಮೆ ಬಂತು. ಏನೆಂದು ಹೇಳುವುದು, ಎಲ್ಲಿಂದ ಶುರುಮಾಡುವುದು? ಜಗುಲಿಯಿಂದಲೇ? ಚೊಂಬಿನಿಂದಲೇ? ಹೇಳಿದರೆ ಗೋದಮ್ಮ ಇಲ್ಲವೆನ್ನುತ್ತಾರೆ, ಗಾಳಿ ಎನ್ನುತ್ತಾರೆ, ಸೊಸೆಗೆ ಪಾಪ ತಲೆ ಕೆಟ್ಟಿದೆ ಎಂದು ಮನೆಮಾತಿನಲ್ಲಿ ಮಗನಿಗೆ ಹೇಳುತ್ತಾರೆ, ಮತ್ತು ಅದು ಅವಳಿಗೆ ಅರ್ಥವಾಗುತ್ತದೆ. ಮಣಿಕಟ್ಟಿನ ಮೇಲಿನ ಬೆರಳು ಸಡಿಲವಾಗಲಿಲ್ಲ. ಹೆಬ್ಬೆರಳು ನಾಡಿಯ ಮೇಲೆ ಇತ್ತು, ಏನೋ ಎಣಿಸುವಂತೆ. ಗಂಡನಿಗೆ ಬೇಡ. ಬೆಸಗರಹಳ್ಳಿಯ ಅವ್ವನಿಗೂ ಬೇಡ. ಎಲ್ಲೋ ಬೀದಿಯಲ್ಲಿ ಎದುರಾದರೆ ಪಟ್ಟಲಮ್ಮನಿಗೂ ಬೇಡ. ಇನ್ನು ಇದು ಅತ್ತೆ ಸೊಸೆ ಇಬ್ಬರದೇ. ಯಾರಿಗೂ ಹೇಳುವುದಿಲ್ಲ ಎಂದು ಅವಳು ಗಟ್ಟಿಮಾಡಿಕೊಂಡಳು. ಅಷ್ಟಾದ ಮೇಲೆಯೇ ಗೋದಮ್ಮ ಅವಳ ಕೈ ಬಿಟ್ಟದ್ದು.